ಕೇಳದೆ ಉಳಿದ ಪ್ರಶ್ನೆ

ಹೇಳದೆ ಉಳಿದ ಪ್ರೀತಿಯ ಕಥೆಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಪ್ರೀತಿಸಿದವರು ಒಂದಾದರೆ ಕಥೆ ಅಲ್ಲಿಗೆ ಮುಗಿಯುತ್ತದೆ. ಮೌನವಾಗಿ ದೂರ ಸರಿದರೆ ಅದು ನೋಡಿದವರ ಮನದಲ್ಲಿ ಬಹುಕಾಲ ಉಳಿಯುತ್ತದೆ. ಆ ಮೌನವನ್ನು ನಾವು ಸಾಮಾನ್ಯವಾಗಿ 'ತ್ಯಾಗ' ಎಂದು ಕರೆಯುತ್ತೇವೆ. ಕ್ರೈಸ್ತರಾದ ನಮಗೆ ತ್ಯಾಗವೆಂದರೆ ಮೊದಲು ನೆನಪಾಗುವುದು ಶಿಲುಬೆ. ಆದ್ದರಿಂದ ಆ ಪದವನ್ನು ಬಳಸುವಾಗ ನಮಗೆ ಎಚ್ಚರವೂ ಇರಬೇಕು.

ಕೃಷ್ಣರಾಜಪುರದ ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳು ಆಗಾಗ ಒಂದು ಮನೆಯಲ್ಲಿ ಸೇರಿ, ಒಳ್ಳೆಯ ಚಲನಚಿತ್ರವೊಂದನ್ನು ನೋಡಿ, ಅದರ ಬಗ್ಗೆ ಮಾತನಾಡುವುದುಂಟು. ಈಚೆಗೆ ನೋಡಿದ್ದು 1993ರಲ್ಲಿ ತೆರೆಕಂಡ 'ದಿ ಏಜ್ ಆಫ್ ಇನೊಸೆನ್ಸ್'. ಎಡಿತ್ ವಾರ್ಟನ್ ಅವರ ಕಾದಂಬರಿ ಇದಕ್ಕೆ ಆಧಾರ. 1921ರಲ್ಲಿ ಆ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ದೊರೆತಿತ್ತು. ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಹದಿಹರೆಯದಲ್ಲಿ ಗುರುವಾಗಬೇಕೆಂಬ ಆಸೆಯಿಂದ ಕಿರಿಯ ಗುರುಮಠ ಸೇರಿದ್ದವರು. ಮುಂದೆ 2016ರಲ್ಲಿ ಜಪಾನಿನ ಯೇಸುಸಭೆಯ ಗುರುಗಳನ್ನು ಕುರಿತು 'ಸೈಲೆನ್ಸ್' ಚಿತ್ರವನ್ನು ನಿರ್ಮಿಸಿದವರು.

ಕಥೆ 1870ರ ದಶಕದ ನ್ಯೂಯಾರ್ಕಿನ ಸಿರಿವಂತರದು. ವಕೀಲ ನ್ಯೂಲೆಂಡ್ ಆರ್ಚರನಿಗೆ ಮೇ ಎಂಬ ಕನ್ಯೆಯೊಡನೆ ಮದುವೆ ನಿಶ್ಚಯವಾಗಿದೆ. ಆಗ ಆಕೆಯ ಬಂಧು ಎಲೆನ್, ಪತಿಯ ಮನೆಯಲ್ಲಿ ನೊಂದು, ಯುರೋಪಿನಿಂದ ಹಿಂದಿರುಗುತ್ತಾಳೆ. ಆರ್ಚರನ ಮನಸ್ಸು ಅವಳತ್ತ ವಾಲುತ್ತದೆ. ಮನೆತನದ ಮರ್ಯಾದೆ ಎಲ್ಲರ ಬಾಯನ್ನೂ ಕಟ್ಟಿಹಾಕುತ್ತದೆ. ಬೆಳ್ಳಿಯ ತಟ್ಟೆ, ಹೂಗುಚ್ಛ, ಕೈಗವಸುಗಳ ನಡುವೆ ಒಂದು ಜೀವಮಾನವೇ ಕಳೆದುಹೋಗುತ್ತದೆ. ಈ ಚಿತ್ರದ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು.

ನೋಡಿದವರ ಅಭಿಪ್ರಾಯಗಳು ಒಂದೊಂದು ದಿಕ್ಕಿಗೆ ಹರಿದವು. ಐ.ಟಿ.ಐ. ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು, "ಊಟದ ಮೇಜನ್ನೇ ಅಷ್ಟು ಹೊತ್ತು ತೋರಿಸಿದರಲ್ಲ, ಕಥೆ ಎಲ್ಲಿ?" ಎಂದರು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಯುವಕನಿಗೆ ಆರ್ಚರ್ ಹೇಡಿಯಾಗಿ ಕಂಡ. ಶಿಕ್ಷಕಿಯೊಬ್ಬರು ಅದನ್ನು ಒಪ್ಪಲಿಲ್ಲ: "ಕೊಟ್ಟ ಮಾತನ್ನು ಉಳಿಸಿಕೊಂಡವನು ಹೇಡಿಯೆ? ಎಲ್ಲವನ್ನೂ ತಿಳಿದೂ ನಗುತ್ತಾ ಸಂಸಾರ ನಡೆಸಿದ ಮೇಯ ನೋವನ್ನು ಯಾರೂ ನೋಡುವುದಿಲ್ಲ." ಕೊನೆಗೆ ಅಜ್ಜಿಯೊಬ್ಬರು ಮೆಲ್ಲನೆ ಹೇಳಿದರು: "ನಮ್ಮ ಕಾಲದಲ್ಲಿ ನಮ್ಮನ್ನು ಯಾರಪ್ಪಾ ಕೇಳಿದರು? ಪೀಠದ ಮುಂದೆ ಗುರುಗಳು ಕೇಳಿದಾಗ ನಾನು ಹೌದೆಂದದ್ದು ಅಪ್ಪನ ಮುಖ ನೋಡಿ. ನಮ್ಮವರು ಒಳ್ಳೆಯವರಾಗಿದ್ದರು. ಅದು ದೇವರ ದಯೆ." ಆ ಮಾತಿಗೆ ಯಾರೂ ಉತ್ತರಿಸಲಿಲ್ಲ.

ಚಿತ್ರದ ತಿರುಳು ಅಜ್ಜಿಯ ಆ ಮಾತಿನಲ್ಲೇ ಇದೆ ಎಂದು ನನಗನ್ನಿಸಿತು. ಮದುವೆಗೆ ಮುನ್ನ ಮೇ ಒಮ್ಮೆ ಧೈರ್ಯದಿಂದ ಆರ್ಚರನನ್ನು ಕೇಳುತ್ತಾಳೆ: ನಿನ್ನ ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದರೆ ನನಗಾಗಿ ಅವಳನ್ನು ಬಿಡಬೇಡ ಎಂದು. ಕೇಳಬೇಕಾದ ಪ್ರಶ್ನೆ, ಕೇಳಬೇಕಾದ ಸಮಯ. ಅವನು ಸತ್ಯವನ್ನು ನುಂಗಿಕೊಂಡು ಮದುವೆಯ ದಿನವನ್ನೇ ಹತ್ತಿರ ತರಲು ಅವಸರಿಸುತ್ತಾನೆ. ಮುಂದೆ ಆ ಮನೆಯಲ್ಲಿ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಮೇ ತೀರಿಕೊಂಡ ಮೇಲೆ ಮಗ ತಂದೆಗೆ ತಿಳಿಸುತ್ತಾನೆ: ಅಮ್ಮ ಕೇಳಿಕೊಂಡಾಗ ನೀವು ನಿಮ್ಮ ಅತ್ಯಂತ ದೊಡ್ಡ ಆಸೆಯನ್ನೇ ಬಿಟ್ಟುಕೊಟ್ಟಿರಂತೆ. ಆಕೆ ಎಂದೂ ಹಾಗೆ ಕೇಳಲಿಲ್ಲ ಎನ್ನುತ್ತಾನೆ ಆರ್ಚರ್. ಮದುವೆಯ ನಂತರ ಅವನು ಮನೆ ಬಿಟ್ಟು ಹೋಗಬೇಕಿತ್ತೆಂದು ನಾನು ಹೇಳುವುದಿಲ್ಲ. ವಿವಾಹದ ವಾಗ್ದಾನ ಪವಿತ್ರವಾದುದು. ಆದರೆ ಆ ವಾಗ್ದಾನಕ್ಕೆ ಮೊದಲು ಆಡಬೇಕಾದ ಸತ್ಯವನ್ನು ಆಡದಿದ್ದುದರಿಂದ ಮೂವರ ಬಾಳು ಬಾಡಿತು.

ಇದು ಬರೀ ಪರದೇಶದ ಕಥೆಯಲ್ಲ. 2006ರ ಡಿಸೆಂಬರ್ 29ರಂದು ತೆರೆಕಂಡ ಯೋಗರಾಜ್ ಭಟ್ಟರ 'ಮುಂಗಾರು ಮಳೆ'ಯನ್ನು ನೋಡದ ಕನ್ನಡ ಕುಟುಂಬ ಅಪರೂಪ. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಅದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಹೃದ್ರೋಗಿಯಾದ ತಂದೆಗೆ ಮಗಳ ಮದುವೆಯೇ ಕೊನೆಯ ಆಸೆಯೆಂದು ಅರಿತು ನಾಯಕ ಪ್ರೀತಂ ಹಿಂದೆ ಸರಿಯುತ್ತಾನೆ. ಅವನ ತ್ಯಾಗಕ್ಕೆ ನಾವೆಲ್ಲ ಕಣ್ಣೀರಿಟ್ಟೆವು. ಆದರೆ ನಂದಿನಿಯನ್ನು ಕೇಳಿದವರು ಯಾರು? ಅವಳ ಬಾಳಿನ ತೀರ್ಮಾನ ಅವಳಿಲ್ಲದೆಯೇ ಆಯಿತು. ಪ್ರೀತಂ ತನ್ನ ಸುಖವನ್ನು ಮಾತ್ರ ಬಿಟ್ಟುಕೊಡಲಿಲ್ಲ; ಅವಳ ಉತ್ತರವನ್ನೂ ಅವಳ ಪರವಾಗಿ ಬಿಟ್ಟುಕೊಟ್ಟ.

ಇಂಥ ಕಡೆ ನಮ್ಮ ಧರ್ಮಸಭೆ ಸಿನಿಮಾಗಳಿಗಿಂತ ನಿಷ್ಠುರವಾಗಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೆಯ ನಿಯಮದಂತೆ ವಿವಾಹವನ್ನು ಉಂಟುಮಾಡುವುದು ವಧುವರರ ಸಮ್ಮತಿ. ಬೇರೆ ಯಾವ ಮಾನವ ಅಧಿಕಾರವೂ ಅವರ ಪರವಾಗಿ ಅದನ್ನು ಕೊಡಲಾರದು. 1103ನೆಯ ನಿಯಮ ಇನ್ನೂ ಆಳಕ್ಕೆ ಹೋಗುತ್ತದೆ: ಹೊರಗಿನಿಂದ ಬಂದ ತೀವ್ರ ಭಯದಿಂದ ಪಾರಾಗಲು ಮದುವೆಯೊಂದೇ ದಾರಿಯಾದರೆ ಆ ವಿವಾಹ ಅಸಿಂಧು, ಆ ಭಯವನ್ನು ಯಾರೂ ಬೇಕೆಂದು ಹುಟ್ಟಿಸದಿದ್ದರೂ ಸರಿ. "ನೀನು ಒಪ್ಪದಿದ್ದರೆ ನನ್ನ ಜೀವವೇ ಹೋಗುತ್ತದೆ" ಎನ್ನುವ ತಂದೆತಾಯಿಗಳು ಈ ನಿಯಮವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಬಲಿಪೀಠದ ಮುಂದೆ ಗುರುಗಳು, ಯಾರ ಒತ್ತಾಯವೂ ಇಲ್ಲದೆ ಬಂದಿದ್ದೀರಾ ಎಂದು ಕೇಳುವುದು ಬರೀ ಶಾಸ್ತ್ರಕ್ಕಾಗಿ ಅಲ್ಲ.

ಪ್ರಭು ಯೇಸುವಿನ ಬಲಿಯೂ ಸ್ವತಂತ್ರ ಮನಸ್ಸಿನದೇ. ತನ್ನ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ತಾನೇ ಅದನ್ನು ಅರ್ಪಿಸುವೆನೆಂಬ ಅರ್ಥದ ಆತನ ಮಾತು ಯೊವಾನ್ನನ ಶುಭಸಂದೇಶದಲ್ಲಿದೆ. ನಜರೇತಿನ ಕನ್ಯೆಯ ಬಳಿಗೆ ದೇವದೂತನನ್ನು ಕಳುಹಿಸಿದ ದೇವರು ಆಕೆಯ ಸಂದೇಹವನ್ನು ಆಲಿಸಿದರು, ಆಕೆಯ ಒಪ್ಪಿಗೆಗಾಗಿ ಕಾದರು. ಸರ್ವಶಕ್ತರೇ ಒಂದು ಹೆಣ್ಣುಮಗಳ ಉತ್ತರಕ್ಕಾಗಿ ಕಾಯುವುದಾದರೆ ನಾವು ಕಾಯಲಾರೆವೆ?

ನಮ್ಮ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳೋಣ. ನಿಶ್ಚಿತಾರ್ಥಕ್ಕೆ ಮೊದಲೇ ಕೇಳೋಣ. ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟ ಮೇಲೆ ಕೇಳುವ ಪ್ರಶ್ನೆ ಪ್ರಶ್ನೆಯೇ ಅಲ್ಲ. ಬರುವ ಉತ್ತರ ನಮಗೆ ಇಷ್ಟವಾಗದಿರಬಹುದು. ಆಗ ಮಕ್ಕಳೊಡನೆ ತರ್ಕ ಮಾಡೋಣ, ಪ್ರಾರ್ಥಿಸೋಣ, ಬೇಕಿದ್ದರೆ ಧರ್ಮಕೇಂದ್ರದ ಗುರುಗಳ ಸಲಹೆ ಪಡೆಯೋಣ. ಆದರೆ ಉತ್ತರವನ್ನು ಅವರ ಬಾಯಿಂದಲೇ ಕೇಳೋಣ.