ಅಮರ್ಜೆಯ ದಾರಿಯಲ್ಲಿ ಒಂದು ಲೇಜಿಮು

ಆಳಂದ ಸೀಮೆಯ ಅಮರ್ಜೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಕೂಡಿದ ನೀರು ಜೇವರ್ಗಿಯತ್ತ ಸಾಗುತ್ತದೆ. ಕಳೆದ ಆಗಸ್ಟಿನಲ್ಲಿ ನಾನು ಹಿಡಿದದ್ದೂ ಆ ದಾರಿಯನ್ನೇ. ಜೊತೆಗಿದ್ದವಳು ಒಂಬತ್ತು ವರ್ಷದ ಅಣ್ಣನ ಮಗಳು. ಜೇವರ್ಗಿ ಕಡೆಯ ತನ್ನೂರಿನ ಸರ್ಕಾರಿ ಶಾಲೆಯಲ್ಲಿ ಆಕೆ ಹೊಸದಾಗಿ ಲೇಜಿಮು ತಂಡವನ್ನು ಸೇರಿದ್ದಳು. ಹೈದರಾಬಾದ್ ಸಂಸ್ಥಾನವು 1948ರಲ್ಲಿ ಭಾರತದೊಡನೆ ಒಂದಾದುದರ ನೆನಪಿಗೆ ಸೆಪ್ಟೆಂಬರ್ 17ರಂದು ನಡೆಯುವ ಉತ್ಸವದಲ್ಲಿ ಅವರ ಪ್ರದರ್ಶನವಿತ್ತು.

ಕ್ರಿಕೆಟ್ಟಿನ ಚಿಯರ್‌ಲೀಡರುಗಳನ್ನು ಟಿ.ವಿ.ಯಲ್ಲಿ ಕಂಡಿದ್ದ ಹುಡುಗಿಗೆ ಅವರ ಕೈಯ ಬಣ್ಣದ ಕುಚ್ಚುಗಳೂ ಬೇಕಾಗಿದ್ದವು. ಐ.ಪಿ.ಎಲ್. ಪಂದ್ಯಗಳೊಡನೆ 2008ರಲ್ಲಿ ನಮ್ಮ ಮೈದಾನಗಳಿಗಿಳಿದ ಆ ಕಲೆ, 1898ರಲ್ಲಿ ಅಮೆರಿಕದ ಮಿನ್ನೆಸೋಟದ ವಿದ್ಯಾರ್ಥಿಯೊಬ್ಬ ಪ್ರೇಕ್ಷಕರ ಕೂಗನ್ನು ಮುನ್ನಡೆಸಿದಾಗ ಮೊಳೆಯಿತೆನ್ನುತ್ತಾರೆ. ಕುಚ್ಚು ಬಂದದ್ದು ಆಮೇಲೆ. ನಮ್ಮ ಲೇಜಿಮಾದರೋ ಮೂಲತಃ ವ್ಯಾಯಾಮದ ಬಿಲ್ಲು. ಹೆದೆಯ ಬದಲು ಕಬ್ಬಿಣದ ಸರಪಳಿ, ಅದರಲ್ಲಿ ಝಣಝಣಿಸುವ ಲೋಹದ ಬಿಲ್ಲೆಗಳು. ಹೆಸರೂ ಪಾರಸಿಯಿಂದ ಬಂದದ್ದು.

ಆಳಂದದ ಅಂಗಡಿಯಲ್ಲಿ ಲೇಜಿಮನ್ನು ಅವಳ ಕೈಗೇ ಕೊಟ್ಟು ನೋಡಿದೆವು. ತೋಳು ಚಾಚಿ ಇಪ್ಪತ್ತು ಎಣಿಸುವುದರೊಳಗೆ ಕೈ ಜೋತುಬಿದ್ದರೆ ಅದು ಮಗುವಿಗೆ ಭಾರ. ಹಿಡಿಯ ಮರದಲ್ಲಿ ಸಿಬಿರಿರಬಾರದು. ಸರಪಳಿಯ ಕೊಂಡಿಗಳ ಬಾಯಿ ಕೂಡಿರಬೇಕು, ಇಲ್ಲವಾದರೆ ಬೆರಳಿನ ಚರ್ಮ ಸಿಕ್ಕಿಕೊಳ್ಳುತ್ತದೆ.

ಅಫಜಲಪುರದಲ್ಲಿ ಮಿನುಗುವ ಬೂಟುಗಳು ಅವಳ ಕಣ್ಣು ಸೆಳೆದವು. ಮಳೆಗಾಲದ ಎರೆಮಣ್ಣು ಆಳವಾದ ಗೀರುಗಳ ಅಟ್ಟೆಗೆ ಮೆತ್ತಿ ಕಾಲನ್ನು ಕಲ್ಲಾಗಿಸುತ್ತದೆ. ಸರ್ಕಾರ ಕೊಟ್ಟಿದ್ದ ಶಾಲೆಯ ಕರಿಬೂಟು ಕಾಲಿಗೆ ಸರಿಯಾಗಿಯೇ ಇತ್ತು. ಹೊಸದನ್ನು ಕೊಳ್ಳಲಿಲ್ಲ, ಗಾಣಗಾಪುರದವರೆಗೆ ಆಕೆ ಮಾತನಾಡಲಿಲ್ಲ.

ಮರುದಿನ ಶಾಲೆಯ ಬಯಲಿನಲ್ಲಿ ಹದಿನಾರು ಮಕ್ಕಳು ಸಾಲುಗಟ್ಟಿದರು. ಲೇಜಿಮು ಇದ್ದದ್ದು ಹನ್ನೊಂದು ಮಂದಿಯ ಬಳಿ. ಉಳಿದ ಐವರು ಬರಿಗೈಯನ್ನೇ ತಾಳಕ್ಕೆ ಸರಿಯಾಗಿ ಬೀಸುತ್ತಿದ್ದರು. ಸುತ್ತಲಿನ ಹೊಲಗಳಲ್ಲಿ ತೊಗರಿ ಇನ್ನೂ ಎಳೆಯದು. ಅದು ರಾಶಿಯಾಗಿ ಮನೆಗೆ ಕಾಸು ಬರುವುದು ಡಿಸೆಂಬರ್, ಜನವರಿಯಲ್ಲಿ, ಉತ್ಸವವೋ ಸೆಪ್ಟೆಂಬರಿನಲ್ಲಿ. ಕೈ ಬರಿದಾದ ತಿಂಗಳಿನಲ್ಲಿ ಕೇಳಿದ ಸಾಮಗ್ರಿಗೆ ತಾಯಿ ‘ನಾಳೆ’ ಎನ್ನುತ್ತಾಳೆ. ಮಗು ಕ್ರಮೇಣ ಸಾಲಿನ ಕೊನೆಗೆ ಸರಿದು, ಒಂದು ದಿನ ಬಾರದೆಯೇ ಉಳಿಯುತ್ತದೆ.

ಸಮಗ್ರ ಶಿಕ್ಷಣ ಯೋಜನೆಯು 2018ರಿಂದ ಕ್ರೀಡಾ ಸಾಮಗ್ರಿಗೆಂದೇ ವರ್ಷಕ್ಕೆ ಸರ್ಕಾರಿ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕ ಶಾಲೆಗೆ 10,000 ರೂಪಾಯಿವರೆಗೆ ಅನುದಾನ ನಿಗದಿಪಡಿಸಿದೆ. ಲೇಜಿಮು ಶಾಲೆಯ ಪೆಟ್ಟಿಗೆಯಲ್ಲಿರಬೇಕಾದ ವಸ್ತು. ಮನೆಯವರು ನೋಡಬೇಕಾದುದು ಅಳತೆಗೊಪ್ಪುವ ಬೂಟು, ಬಿಗಿದ ಜಡೆ, ಕುಡಿಯುವ ನೀರು ಇಷ್ಟನ್ನೇ. ಪೋಷಕರು ಈ ಮಾತನ್ನು ಶಾಲಾಭಿವೃದ್ಧಿ ಸಮಿತಿಯಲ್ಲಿ ಎತ್ತಬೇಕಾದುದು ಉತ್ಸವದ ಮುನ್ನಾದಿನವಲ್ಲ, ಶಾಲೆ ತೆರೆದ ಜೂನ್ ತಿಂಗಳಿನಲ್ಲಿಯೇ.