ಫ್ರಾಂಕ್ಲಿನ್ನನ ಗೋರಿಯ ಮೇಲಿನ ಕಾಸು

ಅಮೆರಿಕದ ಫಿಲಡೆಲ್ಫಿಯ ನಗರಕ್ಕೆ ಬಂದ ಪ್ರವಾಸಿ, ಐದನೆಯ ಬೀದಿಯೂ ಆರ್ಚ್ ಬೀದಿಯೂ ಕೂಡುವ ಮೂಲೆಯಲ್ಲಿ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗುವುದು ಅಪರೂಪ. ಅಲ್ಲಿ ಹಳೆಯ ಇಟ್ಟಿಗೆಯ ಗೋಡೆಯ ನಡುವೆ ಕಬ್ಬಿಣದ ಸರಳುಗಳು; ಸರಳುಗಳ ಆಚೆ ನೆಲಕ್ಕೆ ಹಾಸಿದ ಅಮೃತಶಿಲೆಯ ಚಪ್ಪಡಿ. ಅದರ ಕೆಳಗೆ, 1790ರಲ್ಲಿ ತೀರಿಕೊಂಡ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪತ್ನಿಯ ಪಕ್ಕದಲ್ಲಿ ಮಲಗಿದ್ದಾನೆ. ಈ ಚಪ್ಪಡಿಗೆ ಜನರು ಸಲ್ಲಿಸುವ ಕಾಣಿಕೆ ಕಾಸು. ಉಳಿಸಿದ ಕಾಸೇ ಗಳಿಸಿದ ಕಾಸು ಎಂಬ ಮಾತನ್ನು ಲೋಕ ಫ್ರಾಂಕ್ಲಿನ್ನನ ಹೆಸರಿಗೆ ಅಂಟಿಸಿದೆ. ಆ ಮಾತಿಗೆ ಗೌರವ ತೋರಿಸಲೆಂದು ಇದ್ದ ಕಾಸನ್ನು ಎಸೆದು ಹೋಗುತ್ತಾರೆ! ಬಿದ್ದ ಕಾಸುಗಳ ಪೆಟ್ಟಿಗೆ ಕಲ್ಲಿನ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಾಗಿ, ಕೊನೆಗೆ ಸಾರ್ವಜನಿಕರಿಂದ ಹಣವೆತ್ತಿ ಅದನ್ನು ದುರಸ್ತಿ ಮಾಡಿಸಬೇಕಾಯಿತು.

ಆ ಕಾಸು ಹುಟ್ಟಿದ ಮನೆ ದೂರದಲ್ಲಿಲ್ಲ. ಗೋರಿಯಿಂದ ಕೂಗಳತೆಯಲ್ಲಿಯೇ ಅಮೆರಿಕದ ಟಂಕಸಾಲೆ ಇದೆ. 1792ರಲ್ಲಿ ಈ ನಗರದಲ್ಲಿ ಸ್ಥಾಪನೆಯಾದ ಟಂಕಸಾಲೆಯ ನಾಲ್ಕನೆಯ ಕಟ್ಟಡವಿದು. ಬಾಗಿಲು ತೆರೆದದ್ದು 1969ರಲ್ಲಿ. 1793ರ ಮಾರ್ಚಿಯಲ್ಲಿ ಇಲ್ಲಿಯ ಮೊದಲ ಕಟ್ಟಡದಿಂದ ಹೊರಬಿದ್ದ 11,178 ತಾಮ್ರದ ಸೆಂಟುಗಳೇ ಆ ರಾಷ್ಟ್ರದ ಟಂಕಸಾಲೆ ಚಲಾವಣೆಗೆ ಕೊಟ್ಟ ಮೊದಲ ನಾಣ್ಯಗಳು. ಸೆಂಟೆಂದರೆ ಡಾಲರಿನ ನೂರನೆಯ ಪಾಲು; ಜನರ ಬಾಯಲ್ಲಿ ಅದು ಪೆನ್ನಿ. ಇಂಗ್ಲೆಂಡಿನ ಆಳ್ವಿಕೆ ಹೋದರೂ ಅದರ ಕಾಸಿನ ಹೆಸರು ಹೋಗಲಿಲ್ಲ.

ಒಳಗೆ ಹೋದವರನ್ನು ಮೊದಲು ಎದುರುಗೊಳ್ಳುವುದು ಗಾಜಿನ ಪೆಟ್ಟಿಗೆಯಲ್ಲಿರುವ ಪೀಟರ್ ಎಂಬ ಹದ್ದು. ನೂರೆಂಬತ್ತು ವರ್ಷಗಳಿಗೂ ಹಿಂದೆ ಟಂಕಸಾಲೆಯಲ್ಲಿಯೇ ವಾಸವಾಗಿದ್ದ ಈ ಪಕ್ಷಿ, ಯಂತ್ರಕ್ಕೆ ರೆಕ್ಕೆ ಸಿಕ್ಕಿ ಸತ್ತಿತೆಂದು ಪ್ರತೀತಿ. ಮೇಲಿನ ಮೊಗಸಾಲೆಯ ಗಾಜಿನಿಂದ ಕೆಳಗೆ ನೋಡಿದರೆ ಯಂತ್ರಗಳ ಸಾಲು, ನಾಣ್ಯಗಳ ಪ್ರವಾಹ. ಆ ಪ್ರವಾಹದಲ್ಲಿ ಈಗ ಪೆನ್ನಿ ಇಲ್ಲ. ಒಂದು ಸೆಂಟಿನ ನಾಣ್ಯವನ್ನು ತಯಾರಿಸಲು 2024ರ ಆರ್ಥಿಕ ವರ್ಷದಲ್ಲಿ 3.69 ಸೆಂಟು ಖರ್ಚಾಗುತ್ತಿತ್ತು. ಚಲಾವಣೆಗೆಂದು ಕಡೆಯ ಪೆನ್ನಿಗಳನ್ನು 2025ರ ನವೆಂಬರ್ 12ರಂದು ಇದೇ ಕಟ್ಟಡದಲ್ಲಿ ಅಚ್ಚು ಹಾಕಿ ನಿಲ್ಲಿಸಿದರು. ಚಲಾವಣೆಯಲ್ಲಿರುವುದು ಸಲ್ಲುತ್ತದೆ, ಹೊಸದು ಹುಟ್ಟುವುದಿಲ್ಲ.

ಇದರಿಂದ ಹಳೆಯ ಪ್ರಶ್ನೆಯೊಂದಕ್ಕೆ ಹೊಸ ಜೀವ ಬಂದಿದೆ. ತಾಮ್ರದ ಪೆನ್ನಿಗಳನ್ನು ಕೂಡಿಡುವುದು ಲಾಭವೆ?

1864ರಿಂದ 1982ರವರೆಗಿನ ಪೆನ್ನಿಗಳಲ್ಲಿ, 1943ನೆಯ ಇಸವಿಯೊಂದನ್ನು ಬಿಟ್ಟರೆ, ನೂರಕ್ಕೆ 95 ಪಾಲು ತಾಮ್ರ. ತಾಮ್ರದ ಬೆಲೆ ಏರಿದಾಗ 1982ರ ನಡುವೆಯೇ ಲೋಹ ಬದಲಾಯಿತು. ಅಂದಿನಿಂದ ಒಳಗೆಲ್ಲ ಸತು, ಹೊರಗೆ ತಾಮ್ರದ ತೆಳು ಲೇಪ. ತೂಕ 3.11 ಗ್ರಾಮಿನಿಂದ 2.5 ಗ್ರಾಮಿಗೆ ಇಳಿಯಿತು. ತಕ್ಕಡಿ ಇಲ್ಲದವರು ಕಲ್ಲಿನ ಮೇಲೆ ಬೀಳಿಸಿ ನೋಡಬಹುದು. ತಾಮ್ರದ್ದು ಠಣ್ಣೆನ್ನುತ್ತದೆ, ಸತುವಿನದು ಠಪ್ಪೆಂದು ಸುಮ್ಮನಾಗುತ್ತದೆ.

ಲೆಕ್ಕ ಮೋಹಕವಾಗಿಯೇ ಇದೆ. ತಾಮ್ರದ 10,000 ಪೆನ್ನಿ ಕೂಡಿಸಿದವನ ಮನೆಯಲ್ಲಿ 31 ಕಿಲೋ ಲೋಹವಿರುತ್ತದೆ. ಅದಕ್ಕೆ ಅವನು ಕೊಟ್ಟಿರುವುದು 100 ಡಾಲರು. ತಾಮ್ರದ ದರ ಪೌಂಡಿಗೆ 4 ಡಾಲರೆಂದು ಹಿಡಿದರೆ ಒಳಗಿನ ತಾಮ್ರವೇ ಸುಮಾರು 260 ಡಾಲರು ಬಾಳಬೇಕು. ಆದರೆ ಕರಗಿಸುವವರಾರು? 2006ರ ಡಿಸೆಂಬರಿನಲ್ಲಿ ಸರಕಾರ ಪೆನ್ನಿಯನ್ನು ಕರಗಿಸುವುದನ್ನು ನಿಷೇಧಿಸಿತು. ತಪ್ಪಿದವನಿಗೆ 10,000 ಡಾಲರಿನವರೆಗೆ ದಂಡ, ಐದು ವರ್ಷದವರೆಗೆ ಸೆರೆ. ಪ್ರಯಾಣಿಕನು ಜೇಬಿನಲ್ಲಿ ಹೊರದೇಶಕ್ಕೆ ಒಯ್ಯಬಹುದಾದುದಕ್ಕೂ ಐದು ಡಾಲರಿನ ಮಿತಿ. ಟಂಕನ ನಿಂತ ಮಾತ್ರಕ್ಕೆ ಈ ನಿಷೇಧ ತಾನಾಗಿಯೇ ಬಿದ್ದುಹೋಗುವುದಿಲ್ಲ. ನಾಳೆ ಬಿದ್ದುಹೋದರೂ, ಸತು ಬೆರೆತ ತಾಮ್ರಕ್ಕೆ ಗುಜರಿಯವನು ಶುದ್ಧ ತಾಮ್ರದ ದರ ಕೊಡುವನೆ? ನೆಲಮಾಳಿಗೆಯ ಪೀಪಾಯಿಗಳಲ್ಲಿ ಮಲಗಿದ ಹಣಕ್ಕೆ ಬಡ್ಡಿಯೂ ಇಲ್ಲ. ಮನೆ ಬದಲಾಯಿಸುವ ದಿನ ಅದನ್ನು ಹೊರುವ ಕಷ್ಟವನ್ನು ಹೊತ್ತವರೇ ಬಲ್ಲರು.

ಇವನು ಲೋಹದ ವ್ಯಾಪಾರಿ. ನಾಣ್ಯಸಂಗ್ರಾಹಕನ ದಾರಿಯೇ ಬೇರೆ. ಸಂಗ್ರಾಹಕ ನೋಡುವುದು ಇಸವಿಯನ್ನು, ಟಂಕಸಾಲೆಯ ಗುರುತನ್ನು, ಸವೆಯದ ಮೈಯನ್ನು. 1982ರ ಒಂದೇ ವರ್ಷದಲ್ಲಿ 1,600 ಕೋಟಿಗೂ ಹೆಚ್ಚು ಪೆನ್ನಿಗಳು ಹೊರಬಂದವು. ಅಷ್ಟು ಹೇರಳವಾದುದು ಹಳೆಯದಾದ ಮಾತ್ರಕ್ಕೆ ಅಪೂರ್ವವಾಗದು. ಹಿಂಬದಿಯಲ್ಲಿ ಗೋಧಿಯ ತೆನೆಗಳಿರುವ 1909ರಿಂದ 1958ರವರೆಗಿನ ಪೆನ್ನಿಗಳೂ, ಸವೆದು ಸಾಮಾನ್ಯ ಇಸವಿಯವಾದರೆ, ಕೆಲವೇ ಸೆಂಟಿಗೆ ಸಿಗುತ್ತವೆ. ಆದರೆ 1909ರಲ್ಲಿ ಶಿಲ್ಪಿ ಬ್ರೆನ್ನರನ ಹೆಸರಿನ ಮೂರಕ್ಷರಗಳೊಡನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ ಲಿಂಕನ್ ಪೆನ್ನಿಗಳು 4,84,000 ಮಾತ್ರ. 1955ರಲ್ಲಿ ಇದೇ ಫಿಲಡೆಲ್ಫಿಯದಲ್ಲಿ ಅಚ್ಚು ಕೆಟ್ಟು, ಅಕ್ಷರಗಳೂ ಇಸವಿಯೂ ಎರಡೆರಡಾಗಿ ಮೂಡಿದ ಇಪ್ಪತ್ತು ಸಾವಿರಕ್ಕೂ ಮಿಕ್ಕ ಪೆನ್ನಿಗಳು ಒಳ್ಳೆಯವುಗಳೊಡನೆ ಬೆರೆತು ಹೊರಹೋದವು. ಅಂದು ಸಿಗರೇಟಿನ ಪೊಟ್ಟಣದೊಡನೆ ಚಿಲ್ಲರೆಯಾಗಿ ಬಂದ ಆ ಕಾಸಿನ ಒಂದೊಂದಕ್ಕೂ ಇಂದು ಸಾವಿರ ಡಾಲರಿನ ಆಸುಪಾಸಿನ ಬೆಲೆ.

1943ರ ಕಥೆಯೂ ಸ್ವಾರಸ್ಯವಾದುದು. ಮಹಾಯುದ್ಧಕ್ಕೆ ತಾಮ್ರ ಬೇಕಾಗಿ ಆ ವರ್ಷ ಪೆನ್ನಿಯನ್ನು ಉಕ್ಕಿನಲ್ಲಿ ಮಾಡಿದರು. ಭಾರತದ ಕಾಸಿನ ನಡುವೆ ತೂತು ಬಿದ್ದದ್ದೂ ಅದೇ ವರ್ಷ, ಅದೇ ಲೋಹದ ಉಳಿತಾಯಕ್ಕಾಗಿ. ಅಜ್ಜಿಯರ ಎಲೆಯಡಕೆಯ ಡಬ್ಬಿಗಳಲ್ಲಿ ಅಂಥವು ಎಷ್ಟೋ ಕಾಲ ಉಳಿದಿದ್ದವು. ತಪ್ಪಿ ತಾಮ್ರದ ಮಿಶ್ರಲೋಹದಲ್ಲಿಯೇ ಅಚ್ಚಾದ ಕೆಲವೇ 1943ರ ಪೆನ್ನಿಗಳಿಗಾಗಿ ಸಂಗ್ರಾಹಕರು ಪ್ರಾಣ ಬಿಡುತ್ತಾರೆ. ಉಕ್ಕಿನದಕ್ಕೆ ತಾಮ್ರ ಬಳಿದು ಮೋಸಮಾಡುವವರೂ ಉಂಟು. ಅಯಸ್ಕಾಂತಕ್ಕೆ ಅಂಟಿಕೊಂಡರೆ ಗುಟ್ಟು ರಟ್ಟಾಯಿತು.

ಆದುದರಿಂದ ಜಾಣ ಸಂಗ್ರಾಹಕ ರಾಶಿ ಹಾಕುವುದಿಲ್ಲ, ರಾಶಿಯನ್ನು ಜಾಲಾಡುತ್ತಾನೆ. ಬ್ಯಾಂಕಿನಿಂದ 25 ಡಾಲರಿನ ಪೆಟ್ಟಿಗೆಯಲ್ಲಿ 2,500 ಪೆನ್ನಿಗಳನ್ನು ತಂದು, ರಾತ್ರಿಯ ಊಟವಾದ ಮೇಲೆ ಮಕ್ಕಳೊಡನೆ ಭೂತಗನ್ನಡಿ ಹಿಡಿದು ಕುಳಿತು, ಬೇಕಾದುದನ್ನು ಆರಿಸಿ ಉಳಿದುದನ್ನು ಹಿಂದಿರುಗಿಸುವ ಸಂಸಾರಗಳುಂಟು. ಕಳೆದುಕೊಳ್ಳುವುದು ಒಂದು ಸಂಜೆ ಮಾತ್ರ. ಸಿಕ್ಕಿದ್ದನ್ನು, ತಾಮ್ರದ ತಂಬಿಗೆಯನ್ನು ಹುಣಸೆಹಣ್ಣಿನಿಂದ ಬೆಳಗುವಂತೆ ಬೆಳಗಿದರೆ ಬೆಲೆ ಅಲ್ಲಿಗೇ ಕೆಟ್ಟಿತು. ಕಾಲ ಕೊಟ್ಟ ಕಂದುಬಣ್ಣವನ್ನೇ ಬಲ್ಲವರು ಮೆಚ್ಚುತ್ತಾರೆ.

ಟಂಕಸಾಲೆಯಿಂದ ಹೊರಬಂದು ಗೋರಿಯ ಕಡೆಗೆ ನಡೆದ ಸಂಗ್ರಾಹಕನಿಗೆ ಮಾತ್ರ ಅಲ್ಲೊಂದು ಸಂಕಟ ಕಾದಿರುತ್ತದೆ. ಕಾಸು ಕಣ್ಣೆದುರಿಗೇ ಇದೆ, ಇಸವಿ ಕಾಣದು. ಸರಳುಗಳ ನಡುವೆ ಮುಖವಿಟ್ಟು ಎಷ್ಟು ಬಗ್ಗಿದರೂ ಕೈಗೆಟುಕದು.