ಅಪ್ಪ, ನಾನು, ಟಾಮ್ ಅಂಡ್ ಜೆರ್ರಿ

"ಕತ್ತೆ ವಯಸ್ಸಾಯ್ತು, ಇನ್ನೂ ಕಾರ್ಟೂನಾ?" ಇಂಜಿನಿಯರಿಂಗ್ ಓದುವಾಗ ಟಿವಿ ಮುಂದೆ ಕೂತರೆ ಅಪ್ಪ ಹೀಗೇ ಬೈತಿದ್ದರು.

ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯ್ತು. ಕೈಕಾಲು ಸುಧಾರಿಸಿತು, ಮಾತು ಮಾತ್ರ ವಾಪಸ್ ಬರಲಿಲ್ಲ. ಬೇರೆಯವರು ಬೇಗ ಬೇಗ ಮಾತಾಡಿದರೂ ಅರ್ಥವಾಗಲ್ಲ. ನ್ಯೂಸ್ ಹಾಕಿದರೆ ಮುಖ ತಿರುಗಿಸ್ತಿದ್ದರು.

ಒಂದಿನ ಸುಮ್ಮನೆ ಟಾಮ್ ಅಂಡ್ ಜೆರ್ರಿ ಹಾಕಿದೆ. ಆಸ್ಕರ್ ಗೆದ್ದ 'ದಿ ಕ್ಯಾಟ್ ಕನ್ಸರ್ಟೊ' ಬಂತು. ಟಾಮ್ ಗತ್ತಿನಿಂದ ಪಿಯಾನೋ ನುಡಿಸ್ತಿರುವಾಗ ಒಳಗೆ ಮಲಗಿದ್ದ ಜೆರ್ರಿ ಎದ್ದು, ಅವನ ಬೆರಳ ಮೇಲೆ ಮುಚ್ಚಳ ಬಡಿದ. ಅಪ್ಪ ನಕ್ಕರು! ಸ್ಟ್ರೋಕ್ ಆದ ಮೇಲೆ ಮೊದಲ ಸಲ, ಭುಜ ಕುಲುಕುವ ಹಾಗೆ. ಅಮ್ಮ ಕೈಲಿದ್ದ ಸೌಟಿನ ಸಮೇತ ಅಡುಗೆಮನೆಯಿಂದ ಓಡಿಬಂದಳು.

ಹನ್ನಾ ಮತ್ತು ಬಾರ್ಬೆರಾ 1940ರಲ್ಲಿ ಶುರುಮಾಡಿದ ಈ ಓಟದಲ್ಲಿ ಮಾತು ಬಹಳ ಕಡಿಮೆ. ಓಡೋದು, ಜಾರೋದು, ಬೀಳೋದು ಎಲ್ಲವನ್ನೂ ಸ್ಕಾಟ್ ಬ್ರಾಡ್ಲಿಯವರ ಸಂಗೀತವೇ ಹೇಳಿಬಿಡುತ್ತೆ. ಟಾಮ್‌ನ ಆ ಫೇಮಸ್ ಚೀರಾಟ ಸ್ವತಃ ವಿಲಿಯಂ ಹನ್ನಾ ಅವರದ್ದು. ಚೀರಾಟಕ್ಕೆ ಯಾವ ಭಾಷೆ ಬೇಕು ಹೇಳಿ?

ಬಾಣಲೆ ಏಟಿಗೆ ಚಪ್ಪಟೆಯಾದ ಟಾಮ್ ಮರುಕ್ಷಣವೇ ಎದ್ದು ಓಡ್ತಾನೆ. ಚಿಕ್ಕಂದಿನಲ್ಲಿ ಅದು ಬರೀ ತಮಾಷೆ ಅನಿಸ್ತಿತ್ತು. ಈಗ ಅಪ್ಪನ ಪಕ್ಕ ಕೂತು ನೋಡುವಾಗ, ನಗುವಿನ ಜೊತೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತೆ.

ರಾತ್ರಿ ಒಂಬತ್ತಾದರೂ ನಾನು ಲ್ಯಾಪ್‌ಟಾಪ್ ಮುಚ್ಚದಿದ್ದರೆ ಅಪ್ಪ ರಿಮೋಟ್ ತಂದು ಕೀಬೋರ್ಡ್ ಮೇಲೆ ಇಡ್ತಾರೆ. ಇಬ್ಬರೂ ಸೋಫಾದಲ್ಲಿ ಕೂರ್ತೀವಿ. ಆ "ಕತ್ತೆ ವಯಸ್ಸಾಯ್ತು" ಅನ್ನೋ ಬೈಗುಳ ಒಂದ್ಸಲ ಕೇಳಿಸಿದರೆ ಸಾಕು ಅನಿಸುತ್ತೆ.